ಹಳೇ ಕಾರಿನ ಎಸಿಗೆ ಗ್ಯಾಸ್: ಹುಡುಕುವುದು, ಪರೀಕ್ಷಿಸುವುದು, ತುಂಬಿಸುವುದು

ಎಸಿ ಇರುವ ಹಳೇ ಮಾರುತಿ 800, ಎಸ್ಟೀಮ್, ಕಾಂಟೆಸ್ಸಾ, ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆಲ್ಲ ಬೇಸಿಗೆ ಬಂತೆಂದರೆ ಒಂದೇ ಚಿಂತೆ. ಎಸಿ ತಂಪು ಕೊಡುತ್ತಿಲ್ಲ, ಇದಕ್ಕೆ ಬೇಕಾದ ಗ್ಯಾಸ್ ಎಲ್ಲಿ ಸಿಗುತ್ತದೆ? ಒಬ್ಬ ಮೆಕ್ಯಾನಿಕ್ "ಆ ಗ್ಯಾಸ್ ಈಗ ಬರೋದೇ ಇಲ್ಲ ಸಾರ್" ಅನ್ನುತ್ತಾರೆ. ಇನ್ನೊಬ್ಬರು ಏನನ್ನೂ ಕೇಳದೆ ಕೈಯಲ್ಲಿರುವ ಡಬ್ಬ ಸಿಕ್ಕಿಸುತ್ತಾರೆ. ಎರಡನೆಯವರಿಂದ ಆಗುವ ಹಾನಿಯೇ ಜಾಸ್ತಿ.

ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಈಗ ಒಳಗೆ ಇರುವುದು ಯಾವ ಗ್ಯಾಸ್? ಇದ್ದ ಗ್ಯಾಸ್ ಎಲ್ಲಿಂದ ಹೊರಗೆ ಹೋಯಿತು? ಇವೆರಡು ಗೊತ್ತಾದರೆ ಹುಡುಕಾಟ ಅರ್ಧ ಮುಗಿದ ಹಾಗೆ. ಗೊತ್ತಾಗದಿದ್ದರೆ ಎಷ್ಟೇ ಒಳ್ಳೆಯ ಗ್ಯಾಸ್ ತಂದರೂ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ.

ಹಳೇ ಗ್ಯಾಸ್ ಯಾಕೆ ಸಿಗುತ್ತಿಲ್ಲ

ಆ ಕಾಲದ ಕಾರುಗಳಿಗೆ ತುಂಬುತ್ತಿದ್ದದ್ದು ಆರ್-12. ಹಳಬರು ಇದನ್ನು ಫ್ರಿಯಾನ್ ಅಂತಲೇ ಕರೆಯುತ್ತಾರೆ. ನಮ್ಮ ದೇಶದ ಹಳೇ ಸಿಲಿಂಡರ್‌ಗಳ ಮೇಲೆ ಫ್ಲೋರಾನ್-12, ಮ್ಯಾಫ್ರಾನ್-12 ಎಂಬ ಹೆಸರುಗಳೂ ಇರುತ್ತಿದ್ದವು. ಇದು ಕ್ಲೋರಿನ್ ಇರುವ ಗ್ಯಾಸ್. ಗಾಳಿಗೆ ಬಿಟ್ಟರೆ ಮೆಲ್ಲಗೆ ಮೇಲೇರಿ ಓಝೋನ್ ಪದರವನ್ನು ಕೆಡಿಸುತ್ತದೆ. ಅದಕ್ಕಾಗಿಯೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿತು. 2003ರ ಜನವರಿ 1ರಿಂದ ಹೊಸ ಕಾರುಗಳ ಎಸಿಯಲ್ಲಿ ಇದನ್ನು ಬಳಸುವಂತಿಲ್ಲ ಎಂದಾಯಿತು. 2008ರ ಆಗಸ್ಟ್ 1ರಿಂದ ಔಷಧದ ಇನ್‌ಹೇಲರ್‌ನಂಥ ಕೆಲವು ಬಳಕೆ ಬಿಟ್ಟರೆ ಉತ್ಪಾದನೆಯೂ ನಿಂತಿತು.

ಹಾಗಾಗಿ ಇವತ್ತು ಯಾರಾದರೂ "ಆರ್-12 ಇದೆ" ಅಂದರೆ ಅದು ಹಳೇ ದಾಸ್ತಾನು ಆಗಿರಬೇಕು, ಇಲ್ಲವೇ ಹಳೇ ಫ್ರಿಜ್, ಹಳೇ ಕಾರುಗಳಿಂದ ಹೊರತೆಗೆದು ಇಟ್ಟದ್ದಾಗಿರಬೇಕು. ಎರಡೂ ಅಲ್ಲದಿದ್ದರೆ ಆ ಸಿಲಿಂಡರ್‌ನಲ್ಲಿ ಬೇರೇನೋ ಇದೆ. "ಹೊಸ ಸ್ಟಾಕ್ ಬಂದಿದೆ" ಅನ್ನುವ ಮಾತು ಕೇಳಿದರೆ ಅಲ್ಲಿಂದ ಹೊರಡುವುದೇ ಒಳ್ಳೆಯದು.

ಹಂತ 1: ನಿಮ್ಮ ಕಾರಿನಲ್ಲಿ ಏನಿದೆ ನೋಡಿ

ಬಾನೆಟ್ ಎತ್ತಿ. ಬಾನೆಟ್ ಒಳಮೈಯಲ್ಲಿ, ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮೈಮೇಲೆ ಸ್ಟಿಕರ್ ಇದೆಯೇ ಹುಡುಕಿ. ಗ್ಯಾಸ್ ಹೆಸರು, ಎಷ್ಟು ಗ್ರಾಂ, ಯಾವ ಆಯಿಲ್ ಎಂದು ಅದರಲ್ಲಿರುತ್ತದೆ. ಕಂಡರೆ ಫೋಟೋ ತೆಗೆದಿಟ್ಟುಕೊಳ್ಳಿ. ಆ ಗ್ರಾಂ ಲೆಕ್ಕ ಮುಂದೆ ಬೇಕಾಗುತ್ತದೆ.

ಸ್ಟಿಕರ್ ಅಳಿಸಿ ಹೋಗಿದ್ದರೆ ಗ್ಯಾಸ್ ತುಂಬುವ ಬಾಯಿ ನೋಡಿ. ಮುಚ್ಚಳ ತೆಗೆದಾಗ ಹೊರಗಡೆ ಸ್ಕ್ರೂ ಥ್ರೆಡ್ ಇರುವ ಸಣ್ಣ ಬಾಯಿ ಕಂಡರೆ ಅದು ಆರ್-12 ಕಾಲದ್ದು. ಆರ್-12ರ ಬದಲಿಗೆ ಆಮೇಲೆ ಬಂದ ಗ್ಯಾಸ್ ಆರ್-134ಎ. ಅದರ ಬಾಯಿ ದಪ್ಪ, ನುಣುಪು. ಗೇಜ್‌ನ ಕಪ್ಲರ್ ಅದರ ಮೇಲೆ ಟಕ್ ಅಂತ ಕೂರುತ್ತದೆ. ಲೋ ಸೈಡ್ (ಕಡಿಮೆ ಒತ್ತಡದ ಕಡೆ) 13 ಮಿಲಿಮೀಟರ್, ಹೈ ಸೈಡ್ (ಹೆಚ್ಚು ಒತ್ತಡದ ಕಡೆ) 16 ಮಿಲಿಮೀಟರ್. ಅದಲುಬದಲು ಆಗದಿರಲಿ ಅಂತಲೇ ಎರಡಕ್ಕೂ ಬೇರೆ ಬೇರೆ ಅಳತೆ.

ಥ್ರೆಡ್ ಇರುವ ಬಾಯಿಯ ಮೇಲೆ ಅಡಾಪ್ಟರ್ ಕೂತಿದ್ದರೆ ಹಿಂದೆ ಯಾರೋ ಆರ್-134ಎಗೆ ಬದಲಿಸಿದ್ದಾರೆ. ಸರಿಯಾಗಿ ಬದಲಿಸಿದರೋ, ಬರೀ ಅಡಾಪ್ಟರ್ ಹಾಕಿ ಗ್ಯಾಸ್ ಬಿಟ್ಟರೋ ಅನ್ನುವುದು ಹೊರಗಿನಿಂದ ತಿಳಿಯುವುದಿಲ್ಲ. ಕಾರಿನ ವರ್ಷವನ್ನೂ ಪೂರ್ತಿ ನಂಬಬೇಡಿ. 2003ಕ್ಕಿಂತ ಮೊದಲೇ ಕೆಲವು ಮಾದರಿಗಳು ಆರ್-134ಎ ಹಾಕಿಕೊಂಡೇ ಬಂದಿದ್ದವು. ಪದ್ಮಿನಿ, ಅಂಬಾಸಿಡರ್‌ಗಳಲ್ಲಂತೂ ಡ್ಯಾಶ್‌ಬೋರ್ಡ್ ಕೆಳಗೆ ಹೊರಗಿನವರು ಜೋಡಿಸಿದ ಎಸಿ ಯೂನಿಟ್‌ಗಳು ಎಷ್ಟೋ. ಅಂಥದ್ದರಲ್ಲಿ ಕಂಪನಿಯ ಪುಸ್ತಕ ನೋಡಿ ಏನೂ ಪ್ರಯೋಜನವಿಲ್ಲ.

ಗೇಜ್ ಸಿಕ್ಕಿಸಿ ಒತ್ತಡ ನೋಡಿದರೆ ಯಾವ ಗ್ಯಾಸ್ ಅಂತ ಗೊತ್ತಾಗುತ್ತೆ ಅಲ್ವಾ ಎಂದು ಹಲವರು ಕೇಳುತ್ತಾರೆ. ಪೂರ್ತಿ ಗೊತ್ತಾಗುವುದಿಲ್ಲ. ಇಂಜಿನ್ ಆರಿಸಿ ಕೆಲವು ಗಂಟೆ ನೆರಳಲ್ಲಿ ನಿಂತ ಕಾರಿನಲ್ಲಿ, ಒಳಗೆ ಗ್ಯಾಸ್ ಸಾಕಷ್ಟಿದ್ದರೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಹೀಗೆ ತೋರಿಸುತ್ತದೆ:

- ಆರ್-12: 93 ಪಿಎಸ್‌ಐ
- ಆರ್-134ಎ: 97 ಪಿಎಸ್‌ಐ
- ಆರ್-22, ಅಂದರೆ ಹಳೇ ಮನೆ ಎಸಿಯ ಗ್ಯಾಸ್: 158 ಪಿಎಸ್‌ಐ

ಮೊದಲೆರಡರ ಅಂತರ ಸಾಮಾನ್ಯ ಗೇಜ್‌ನ ತಪ್ಪಿನಷ್ಟೇ. ಆದರೆ ಯಾರಾದರೂ ಮನೆ ಎಸಿಯ ಗ್ಯಾಸ್ ತುಂಬಿದ್ದರೆ, ಇಲ್ಲವೇ ಒಳಗೆ ಗಾಳಿ ಸೇರಿದ್ದರೆ, ಮುಳ್ಳು ಮೇಲೇರಿ ಹೇಳಿಬಿಡುತ್ತದೆ. ಖಚಿತವಾಗಿ ತಿಳಿಯಬೇಕಾದರೆ ರೆಫ್ರಿಜರೆಂಟ್ ಐಡೆಂಟಿಫೈಯರ್ ಎಂಬ ಉಪಕರಣ ಬೇಕು. ದೊಡ್ಡ ಎಸಿ ವರ್ಕ್‌ಶಾಪ್‌ಗಳಲ್ಲಿ ಕೇಳಿ ನೋಡಿ. ಇರುವವರು ಸಿಕ್ಕರೆ ಆ ಪರೀಕ್ಷೆಗೆ ಕೊಡುವ ದುಡ್ಡು ದಂಡವಲ್ಲ.

ಹಂತ 2: ಗ್ಯಾಸ್ ಎಲ್ಲಿ ಹೋಯಿತು

ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆ ಆಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಹಳೇ ರಬ್ಬರ್ ಹೋಸ್‌ಗಳಿಂದ ವರ್ಷ ವರ್ಷ ಒಂದಿಷ್ಟು ಜಿನುಗುವುದು ನಿಜ. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸಬೇಕಾಗಿ ಬಂದರೆ ಅದು ಜಿನುಗಲ್ಲ, ತೂತು.

ಮೊದಲು ಕಣ್ಣಲ್ಲೇ ನೋಡಿ. ಗ್ಯಾಸ್ ಸೋರುವಾಗ ಜೊತೆಗೆ ಆಯಿಲ್ ಕೂಡ ಬರುತ್ತದೆ. ಆಯಿಲ್ ಇದ್ದ ಕಡೆ ಧೂಳು ಅಂಟುತ್ತದೆ. ಪೈಪ್ ಜಾಯಿಂಟ್, ಕಂಪ್ರೆಸರ್‌ನ ಮುಂಭಾಗ, ರೇಡಿಯೇಟರ್ ಮುಂದೆ ಶಾಖ ಹೊರಹಾಕುವ ಕಂಡೆನ್ಸರ್‌ನ ಮೂಲೆಗಳಲ್ಲಿ ಜಿಡ್ಡು ಕಪ್ಪು ಕಲೆ ಕಂಡರೆ ಅಲ್ಲಿ ಸೋಪು ನೀರು ಹಚ್ಚಿ. ಗ್ಯಾಸ್ ಬಾಯಿಯೊಳಗಿನ ಪಿನ್ ಸೋರುವುದೂ ಬಹಳ ಸಾಮಾನ್ಯ. ಅಲ್ಲಿ ಒಂದು ಹನಿ ಸೋಪು ನೀರು ಸಾಕು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕಂಡೆನ್ಸರ್ ಮೇಲೆ ಮೊದಲು ಅನುಮಾನ ಪಡಿ. ಸಮುದ್ರದ ಉಪ್ಪುಗಾಳಿ ಅದನ್ನು ಕೊರೆದು ಹಾಕುತ್ತದೆ. ಬೇರೆ ಕಡೆ ನನ್ನ ಅನುಮಾನ ಹೋಗುವುದು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ. ಧೂಳು, ಎಲೆ, ತೇವ ಎಲ್ಲ ಅಲ್ಲೇ ಸೇರಿ ಕೊಳೆಯುತ್ತವೆ. ಆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನೀರು ಹೊರಹೋಗುವ ಡ್ರೈನ್ ಪೈಪಿನ ಬಾಯಿಗೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿದರೆ ಸಿಗುತ್ತದೆ. ಹಳೇ ಮೆಕ್ಯಾನಿಕ್‌ಗಳ ಹತ್ತಿರ ಜ್ವಾಲೆಯ ಬಣ್ಣ ನೋಡಿ ಹೇಳುವ ಹ್ಯಾಲೈಡ್ ಟಾರ್ಚ್ ಇರಬಹುದು. ಅದು ಕ್ಲೋರಿನ್‌ಗೆ ಮಾತ್ರ ಹಸಿರಾಗುತ್ತದೆ. ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಟಾರ್ಚ್ ಏನೂ ಹೇಳುವುದಿಲ್ಲ.

ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ನೈಟ್ರೋಜನ್ ತುಂಬಿಸಿ ನೋಡುವುದೇ ಸರಿಯಾದ ದಾರಿ. ರೆಗ್ಯುಲೇಟರ್ ಹಾಕಿ ಸುಮಾರು 150 ಪಿಎಸ್‌ಐಗೆ ತಂದು, ಸೋಪು ನೀರು ಹಚ್ಚಿ, ಕೆಲವು ಗಂಟೆ ಬಿಟ್ಟು ಮುಳ್ಳು ಇಳಿಯಿತೇ ನೋಡುತ್ತಾರೆ. ಟೈರ್‌ಗೆ ಹಿಡಿಯುವ ಗಾಳಿ ಬೇಡ, ಅದರಲ್ಲಿ ನೀರಿನಂಶ ಇರುತ್ತದೆ. ಆಕ್ಸಿಜನ್ ಅಂತೂ ಯಾವ ಕಾರಣಕ್ಕೂ ಬೇಡ. ಒಳಗಿನ ಆಯಿಲ್ ಜೊತೆ ಸೇರಿ ಸಿಡಿಯುತ್ತದೆ.

ಹಂತ 3: ಯಾವ ಗ್ಯಾಸ್ ಅಂತ ತೀರ್ಮಾನಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದಿನಾ ಓಡಿಸುವ ಕಾರಾದರೆ ಆರ್-12 ಹುಡುಕುವುದನ್ನು ಬಿಡಿ. ಸರಿಯಾಗಿ ಆರ್-134ಎಗೆ ಬದಲಿಸಿಕೊಳ್ಳಿ. ಈ ಗ್ಯಾಸ್ ಹುಬ್ಬಳ್ಳಿಯಲ್ಲೂ ಸಿಗುತ್ತದೆ, ಹಾಸನದಲ್ಲೂ ಸಿಗುತ್ತದೆ. ಎಲ್ಲಿ ಕೆಟ್ಟರೂ ರಿಪೇರಿ ಮಾಡುವವರು ಇದ್ದಾರೆ.

ಆರ್-12 ಹುಡುಕುವುದಕ್ಕೆ ಅರ್ಥ ಇರುವುದು ಒಂದೇ ಸಂದರ್ಭದಲ್ಲಿ. ಕಾರನ್ನು ಮೂಲದಲ್ಲಿದ್ದ ಹಾಗೇ ಉಳಿಸಿಕೊಳ್ಳಬೇಕು, ಎಸಿ ಭಾಗಗಳೆಲ್ಲ ಚೆನ್ನಾಗಿವೆ, ಸೋರಿಕೆ ಸಿಕ್ಕಿ ರಿಪೇರಿಯೂ ಆಗಿದೆ. ಆಗ ಆರ್-12 ಕೊಡುವಷ್ಟು ತಂಪನ್ನು ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ಇನ್ನೊಂದು ಗ್ಯಾಸ್ ಕೊಡುವುದು ಕಷ್ಟ.

ಉಳಿದ "ಇದನ್ನೇ ಹಾಕಿ, ನಡೆಯುತ್ತೆ" ಗ್ಯಾಸ್‌ಗಳ ಬಗ್ಗೆ ಎಚ್ಚರ. ಆರ್-22 ಹಾಕಿದರೆ ಒತ್ತಡ ತಡೆಯದೆ ಹೋಸ್, ಕಂಪ್ರೆಸರ್ ಎರಡೂ ಹಾಳಾಗುತ್ತವೆ. ಈಗಿನ ಹೊಸ ಕಾರುಗಳಿಗೆ ಬರುತ್ತಿರುವ ಆರ್-1234ವೈಎಫ್ ದುಬಾರಿ, ಹಳೇ ಕಾರಿಗೆ ಅದರಿಂದ ಏನೂ ಲಾಭವಿಲ್ಲ.

ಎಲ್ಲಕ್ಕಿಂತ ಅಪಾಯ ಹೈಡ್ರೋಕಾರ್ಬನ್ ಮಿಶ್ರಣ. ಪ್ರೊಪೇನ್, ಐಸೋಬ್ಯೂಟೇನ್ ಅಂದರೆ ಅಡುಗೆ ಗ್ಯಾಸಿನ ಸಂಬಂಧಿಗಳು. ಅವನ್ನು ಸರಿಯಾದ ಅಳತೆಯಲ್ಲಿ ಬೆರೆಸಿದರೆ ಒತ್ತಡ ಆರ್-12ಕ್ಕೆ ಹತ್ತಿರ ಬರುತ್ತದೆ, ತಂಪೂ ಚೆನ್ನಾಗಿ ಬರುತ್ತದೆ. ಅದಕ್ಕೇ ಕೆಲವರು ಧೈರ್ಯವಾಗಿ ತುಂಬುತ್ತಾರೆ. ಮನೆ ಫ್ರಿಜ್‌ನಲ್ಲಿ ಹತ್ತಾರು ಗ್ರಾಂ ಐಸೋಬ್ಯೂಟೇನ್ ಮಾತ್ರ ಇರುತ್ತದೆ, ಅದಕ್ಕೆ ತಕ್ಕಂತೆ ಫ್ರಿಜ್ ಮಾಡಿರುತ್ತಾರೆ. ಕಾರಿನ ಕೂಲಿಂಗ್ ಕಾಯಿಲ್ ಇರುವುದು ನೀವು ಕೂತ ಕ್ಯಾಬಿನ್‌ನಲ್ಲಿ. ಅಲ್ಲಿ ಸೋರಿದರೆ ಬೆಂಕಿ ಹಿಡಿಯುವ ಗ್ಯಾಸ್ ಗಾಜು ಮುಚ್ಚಿದ ಕಾರಿನೊಳಗೆ ತುಂಬುತ್ತದೆ. ಬ್ಲೋವರ್ ಮೋಟಾರಿನ ಒಂದು ಕಿಡಿ ಸಾಕು. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರು. ದಯವಿಟ್ಟು ಬೇಡ.

ಆರ್-12 ಸ್ವಲ್ಪ ಉಳಿದಿದೆ, ಅದರ ಮೇಲೆ ಆರ್-134ಎ ಟಾಪ್-ಅಪ್ ಮಾಡೋಣ ಅನ್ನುವುದೂ ತಪ್ಪು. ಎರಡೂ ಬೆರೆತರೆ ಒತ್ತಡ ಎರಡಕ್ಕಿಂತಲೂ ಜಾಸ್ತಿ ಆಗುತ್ತದೆ. ಜೊತೆಗೆ ಆರ್-12ರ ಮಿನರಲ್ ಆಯಿಲ್ ಆರ್-134ಎಯಲ್ಲಿ ಕರಗುವುದಿಲ್ಲ. ಗ್ಯಾಸ್ ಸುತ್ತುತ್ತದೆ, ಆಯಿಲ್ ಎಲ್ಲೋ ಮೂಲೆಯಲ್ಲಿ ನಿಲ್ಲುತ್ತದೆ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ.

ಹಂತ 4: ಆರ್-12 ಬೇಕೇ ಬೇಕು ಎನ್ನುವವರಿಗೆ

ಹೊಸ ಅಂಗಡಿಗಳಲ್ಲಿ ಕೇಳಿ ಫಲವಿಲ್ಲ. ಹಳೇ ಕಾಲದಿಂದ ಫ್ರಿಜ್ ರಿಪೇರಿ ಮಾಡುತ್ತಾ ಬಂದವರನ್ನು ಕೇಳಿ, ಯಾಕೆಂದರೆ ಆಗಿನ ಫ್ರಿಜ್‌ಗಳಿಗೂ ಇದೇ ಗ್ಯಾಸ್ ಇತ್ತು. ವಿಂಟೇಜ್ ಕಾರು ಇಟ್ಟುಕೊಂಡವರ ಬಳಗದಲ್ಲಿ ವಿಚಾರಿಸಿ. ಯಾರಾದರೂ ತಮ್ಮ ಕಾರನ್ನು ಆರ್-134ಎಗೆ ಬದಲಿಸುತ್ತಿದ್ದರೆ ಅವರ ಹಳೇ ಗ್ಯಾಸನ್ನು ರಿಕವರಿ ಮೆಷಿನ್‌ನಲ್ಲಿ, ಅಂದರೆ ಗ್ಯಾಸ್ ಎಳೆದು ಸಿಲಿಂಡರ್‌ಗೆ ತುಂಬುವ ಯಂತ್ರದಲ್ಲಿ, ತೆಗೆದಿಡಲು ಮೊದಲೇ ಮಾತಾಡಿಕೊಳ್ಳಬಹುದು. ನನ್ನ ಮಟ್ಟಿಗೆ ಇದೇ ಅತ್ಯಂತ ನಂಬಿಕೆಯ ಮೂಲ. ಗ್ಯಾಸ್ ಯಾವ ಕಾರಿನಿಂದ ಬಂತು ಎಂದು ನಿಮಗೆ ಗೊತ್ತಿರುತ್ತದೆ, ಗಾಳಿಗೆ ಹೋಗಬೇಕಾದದ್ದೂ ಉಳಿಯುತ್ತದೆ.

ಸಿಲಿಂಡರ್ ಸಿಕ್ಕರೆ ತೂಕ ಹಾಕಿಸಿ. ನೆರಳಲ್ಲಿ ಕೆಲವು ಗಂಟೆ ಇಟ್ಟು, ಆಗಿನ ಉಷ್ಣತೆಗೆ ಎಷ್ಟು ಒತ್ತಡ ಇರಬೇಕೋ ಅಷ್ಟೇ ಇದೆಯೇ ನೋಡಿ. 25 ಡಿಗ್ರಿಗೆ ಸುಮಾರು 80 ಪಿಎಸ್‌ಐ. ಜಾಸ್ತಿ ಇದ್ದರೆ ಗಾಳಿಯೋ ಬೇರೆ ಗ್ಯಾಸೋ ಬೆರೆತಿದೆ. ಸರಿಯಾಗಿದ್ದರೂ ಐಡೆಂಟಿಫೈಯರ್ ಪರೀಕ್ಷೆ ಬಿಡಬೇಡಿ. ಹೈಡ್ರೋಕಾರ್ಬನ್ ಮಿಶ್ರಣವೂ ಅದೇ ಒತ್ತಡ ತೋರಿಸಬಲ್ಲದು ಎಂದು ಆಗಲೇ ಹೇಳಿದೆನಲ್ಲ. ಹಳೇ ಪದ್ಧತಿಯಲ್ಲಿ ಆರ್-12 ಸಿಲಿಂಡರ್ ಬಿಳಿ, ಆರ್-134ಎ ತಿಳಿ ನೀಲಿ, ಆರ್-22 ತಿಳಿ ಹಸಿರು. ಬಣ್ಣ ಬಳಿಯುವುದು ಸುಲಭ, ಅದೊಂದನ್ನೇ ನಂಬಬೇಡಿ.

ಅಮೆರಿಕದಲ್ಲಿರುವ ಅಣ್ಣನೋ ಮಗಳೋ ಊರಿಗೆ ಬರುವಾಗ ಒಂದು ಡಬ್ಬ ತರಲಿ ಎಂಬ ಆಲೋಚನೆಯೂ ಬೇಡ. ಅಲ್ಲಿ 1995ರ ಕೊನೆಗೇ ಆರ್-12 ಉತ್ಪಾದನೆ ನಿಂತಿದೆ, ಕೊಳ್ಳಲು ಪ್ರಮಾಣಪತ್ರ ಬೇಕು. ಒತ್ತಡ ತುಂಬಿದ ಇಂಥ ಡಬ್ಬಗಳನ್ನು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ.

ಹಂತ 5: ಆರ್-134ಎ ಕೊಳ್ಳುವಾಗ

ಬೆಂಗಳೂರಿನವರಿಗೆ ಜೆ.ಸಿ. ರೋಡ್, ಕಲಾಸಿಪಾಳ್ಯದ ಬಿಡಿಭಾಗಗಳ ಅಂಗಡಿಗಳಿವೆ. ಬೇರೆ ಊರುಗಳಲ್ಲಿ ಕಾರ್ ಎಸಿ ಅಂಗಡಿ, ಫ್ರಿಜ್ ಬಿಡಿಭಾಗದ ಅಂಗಡಿ ಎರಡರಲ್ಲೂ ಸಿಗುತ್ತದೆ. ಸಣ್ಣ ಡಬ್ಬ, ಇಲ್ಲವೇ 13.6 ಕಿಲೋ ಸಿಲಿಂಡರ್. ನಿಮಗೆ ಸಣ್ಣ ಡಬ್ಬಗಳೇ ಸಾಕು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ನಿವ್ವಳ ತೂಕ ಸ್ಪಷ್ಟವಾಗಿ ಇರಬೇಕು. ಸೀಲ್ ಒಡೆದಿರಬಾರದು. ಬಿಲ್ ತೆಗೆದುಕೊಳ್ಳಿ.

ನಕಲಿ ಗ್ಯಾಸ್ ಅಂದರೆ ಬರೀ ತಂಪು ಕಡಿಮೆ ಅಂತ ಅಂದುಕೊಳ್ಳಬೇಡಿ. ಮೀಥೈಲ್ ಕ್ಲೋರೈಡ್, ಅಂದರೆ ಆರ್-40 ಬೆರೆಸಿದ ನಕಲಿ ಆರ್-134ಎ ಜಗತ್ತಿನಲ್ಲಿ ಓಡಾಡಿದೆ. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನೇ ಉರಿಯುವ ವಸ್ತುವಾಗುತ್ತದೆ. 2011ರಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಇದರಿಂದಲೇ ಸಿಡಿದು ಕೆಲಸಗಾರರು ಸತ್ತರು. ಕಾರಿನ ಕಂಡೆನ್ಸರ್ ಕೂಡ ಅಲ್ಯೂಮಿನಿಯಂ. ಮಾರುಕಟ್ಟೆಗಿಂತ ತೀರಾ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ.

ಹಂತ 6: ಆರ್-134ಎಗೆ ಬದಲಿಸುವುದು

ಇದು ನೀವೇ ಮಾಡುವುದಕ್ಕಿಂತ ನಿಂತು ಮಾಡಿಸಬೇಕಾದ ಕೆಲಸ. ಆದರೆ ಏನೇನು ಆಗಬೇಕು ಎಂದು ನಿಮಗೆ ಗೊತ್ತಿರಲಿ.

ಉಳಿದ ಆರ್-12 ಅನ್ನು ಗಾಳಿಗೆ ಬಿಡದೆ ರಿಕವರಿ ಮೆಷಿನ್‌ನಲ್ಲಿ ತೆಗೆಯಬೇಕು. ಕಂಪ್ರೆಸರ್ ಕಳಚಿ, ತಲೆಕೆಳಗೆ ಮಾಡಿ, ಹಳೇ ಆಯಿಲ್ ಸುರಿದು ಅಳತೆ ನೋಡಬೇಕು. ಕಂಡೆನ್ಸರ್, ಕೂಲಿಂಗ್ ಕಾಯಿಲ್, ಪೈಪ್‌ಗಳನ್ನು ಫ್ಲಶ್ ಮಾಡಿ, ಅಂದರೆ ದ್ರಾವಣ ಹಾಯಿಸಿ ಒಳಗೆ ತೊಳೆದು, ನೈಟ್ರೋಜನ್ ಊದಿ ಒಣಗಿಸಬೇಕು. ಕಂಪ್ರೆಸರ್, ತೇವ ಹೀರುವ ಡ್ರೈಯರ್, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಮೂರಕ್ಕೂ ಫ್ಲಶ್ ಹಾಕಬಾರದು.

ಡ್ರೈಯರ್ ಹೊಸದೇ ಬೇಕು. ಒಳಗಿನ ತೇವ ಹೀರುವ ಹರಳು ಆರ್-134ಎಗೆ ಹೊಂದುವಂಥದ್ದಾಗಿರಬೇಕು, ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9. ಹಳೇ ಓ-ರಿಂಗ್ ತೆಗೆದು ಎಚ್‌ಎನ್‌ಬಿಆರ್ ರಬ್ಬರಿನವು ಹಾಕಿಸಿ. ಅಂಗಡಿಯಲ್ಲಿ ಹಸಿರು ರಿಂಗ್ ಅಂದರೆ ಸಾಮಾನ್ಯವಾಗಿ ಇದನ್ನೇ ಕೊಡುತ್ತಾರೆ. ಒಣಗಿ ಬಿರುಕು ಬಿಟ್ಟ ಹೋಸ್ ಇದ್ದರೆ ಗ್ಯಾಸ್ ಜಿನುಗದಂತೆ ಒಳಪದರ ಇರುವ ಬ್ಯಾರಿಯರ್ ಹೋಸ್ ಹಾಕಿಸಿ.

ಆಯಿಲ್ ವಿಷಯದಲ್ಲಿ ಎರಡು ದಾರಿ, ಪ್ಯಾಗ್ ಮತ್ತು ಎಸ್ಟರ್ ಎಂಬ ಎರಡು ಬಗೆಯ ಸಿಂಥೆಟಿಕ್ ಆಯಿಲ್. ಬದಲಿಸಿದ ಹಳೇ ಕಾರಿಗೆ ನಾನು ಎಸ್ಟರ್ ಹಾಕಿಸಿ ಅನ್ನುತ್ತೇನೆ. ಎಷ್ಟೇ ತೊಳೆದರೂ ಒಳಗೆ ಸ್ವಲ್ಪ ಮಿನರಲ್ ಆಯಿಲ್, ಸ್ವಲ್ಪ ಕ್ಲೋರಿನ್ ಅಂಶ ಉಳಿಯುತ್ತದೆ. ಎಸ್ಟರ್ ಅದನ್ನು ಹೆಚ್ಚು ಸಹಿಸುತ್ತದೆ. ಪ್ಯಾಗ್ ಗಾಳಿಯ ತೇವವನ್ನೂ ಬೇಗ ಹೀರುತ್ತದೆ. ಯಾವುದೇ ಆದರೂ ನಿಮ್ಮ ಎದುರಿಗೇ ತೆರೆದ ಹೊಸ ಡಬ್ಬದಿಂದ ಹಾಕಿಸಿ.

ಈಗ ಕಂಡೆನ್ಸರ್. ಆರ್-134ಎ ಬಿಸಿಲಲ್ಲಿ ಆರ್-12ಗಿಂತ ಜಾಸ್ತಿ ಒತ್ತಡಕ್ಕೆ ಏರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಾಗಲಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಕಾರಿನಲ್ಲಾಗಲಿ ಹಳೇ ಕಂಡೆನ್ಸರ್‌ಗೆ ಆ ಶಾಖ ಹೊರಹಾಕಲು ಆಗುವುದಿಲ್ಲ. ಅದೇ ಅಳತೆಯ ಪ್ಯಾರಲಲ್ ಫ್ಲೋ ಕಂಡೆನ್ಸರ್ (ಗ್ಯಾಸ್ ಹಲವು ಸಣ್ಣ ನಾಳಗಳಲ್ಲಿ ಒಟ್ಟಿಗೆ ಹರಿಯುವಂಥದ್ದು) ಮತ್ತು ಮುಂದೆ ಒಂದು ಒಳ್ಳೆಯ ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. "134ಗೆ ಬದಲಿಸಿದ ಮೇಲೆ ಕೂಲಿಂಗ್ ಇಲ್ಲ" ಅನ್ನುವ ದೂರಿಗೆ ಗ್ಯಾಸಿಗಿಂತ ಹೆಚ್ಚಾಗಿ ಕಂಡೆನ್ಸರ್ ಕಾರಣ. ಹೈ ಪ್ರೆಶರ್ ಕಟ್-ಆಫ್ ಸ್ವಿಚ್ ಇಲ್ಲದಿದ್ದರೆ ಅದನ್ನೂ ಹಾಕಿಸಿ.

ಹಂತ 7: ವ್ಯಾಕ್ಯೂಮ್, ಆಮೇಲೆ ತೂಕ

ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. ಕನಿಷ್ಠ ಅರ್ಧ ಗಂಟೆ, ಪೈಪ್‌ಗಳು ಬಹಳ ಕಾಲ ತೆರೆದಿದ್ದರೆ ಒಂದು ಗಂಟೆಗೂ ಮೇಲೆ. ನಂತರ ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಮುಳ್ಳು ಅಲ್ಲಾಡಬಾರದು. ತೇವ ಉಳಿದರೆ ಅದು ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಐಸ್ ಆಗಿ ದಾರಿ ಕಟ್ಟುತ್ತದೆ. ಹತ್ತು ನಿಮಿಷ ತಂಪು, ಆಮೇಲೆ ಬಿಸಿ, ಮತ್ತೆ ತಂಪು ಅನ್ನುವ ಕಾಯಿಲೆಗೆ ಹೆಚ್ಚಾಗಿ ಇದೇ ಮೂಲ.

ಪುಸ್ತಕಗಳಲ್ಲಿ ವ್ಯಾಕ್ಯೂಮ್ ತೋರಿಸುವ ಮುಳ್ಳು 29 ಇಂಚಿಗೆ (ಪಾದರಸದ ಅಳತೆ) ಬರಬೇಕು ಎಂದಿರುತ್ತದೆ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಸುಮಾರು 27ಕ್ಕೆ ನಿಲ್ಲುತ್ತದೆ. ಅದನ್ನು ನೋಡಿ ಪಂಪ್ ಕೆಟ್ಟಿದೆ ಎಂದು ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗಬೇಡಿ.

ಗ್ಯಾಸ್ ಯಾವತ್ತೂ ತೂಕದ ಮೇಲೆ ಹಾಕಿಸಿ. ಹಳೇ ಸ್ಟಿಕರ್‌ನಲ್ಲಿ ಇದ್ದ ಆರ್-12 ತೂಕದ ಶೇಕಡಾ 80ರಿಂದ 85 ಭಾಗ ಆರ್-134ಎ ಸಾಕು. 700 ಗ್ರಾಂ ಎಂದಿದ್ದರೆ 560ರಿಂದ 595 ಗ್ರಾಂ. ಡಬ್ಬವನ್ನು ತಕ್ಕಡಿ ಮೇಲಿಟ್ಟು, ನೆಟ್ಟಗೆ ನಿಲ್ಲಿಸಿ, ಇಂಜಿನ್ ಓಡುವಾಗ ಲೋ ಸೈಡ್‌ನಿಂದ ಮಾತ್ರ ನಿಧಾನ ಬಿಡಬೇಕು. ಡಬ್ಬ ತಲೆಕೆಳಗೆ ಮಾಡಿದರೆ ದ್ರವ ನೇರ ಕಂಪ್ರೆಸರ್‌ಗೆ ಹೋಗಿ ಅದನ್ನು ಒಡೆಯುತ್ತದೆ. ಇಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆದರೆ ಡಬ್ಬವೇ ಸಿಡಿಯಬಹುದು. ಡಬ್ಬ ತಣ್ಣಗಾಗಿ ಗ್ಯಾಸ್ ಬರುವುದು ನಿಂತರೆ ಉಗುರು ಬೆಚ್ಚಗಿನ ನೀರಲ್ಲಿ ಇಡಿ, ಬೆಂಕಿ ಹತ್ತಿರ ತರಬೇಡಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ದ್ರವ ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಹೆಪ್ಪುಗಟ್ಟಿಸಿಬಿಡುತ್ತದೆ. ಕೆಲಸ ತೆರೆದ ಜಾಗದಲ್ಲೇ ಆಗಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಶೆಡ್‌ನಲ್ಲಿ ನೆಲದ ಹತ್ತಿರ ತುಂಬಿಕೊಳ್ಳುತ್ತದೆ.

ಡ್ರೈಯರ್ ಮೇಲಿನ ಗಾಜಿನಲ್ಲಿ ಗುಳ್ಳೆ ಹೋಗುವ ತನಕ ತುಂಬುವುದು ಆರ್-12 ಕಾಲದ ಅಭ್ಯಾಸ. ಆರ್-134ಎಯಲ್ಲಿ ಸರಿಯಾದ ತೂಕದಲ್ಲೂ ಸ್ವಲ್ಪ ಗುಳ್ಳೆ ಕಾಣಬಹುದು. ಅದನ್ನು ಹೋಗಿಸಲು ಹೊರಟರೆ ಗ್ಯಾಸ್ ಜಾಸ್ತಿಯಾಗಿ ತಂಪು ಇನ್ನೂ ಕಡಿಮೆಯಾಗುತ್ತದೆ. ಹೊರಗೆ 30–35 ಡಿಗ್ರಿ ಇದ್ದಾಗ ಲೋ ಸೈಡ್ 25ರಿಂದ 45, ಹೈ ಸೈಡ್ 200ರಿಂದ 250 ಪಿಎಸ್‌ಐ ಸುತ್ತ ಇದ್ದರೆ ಸರಿ.

ಕೊನೆಗೆ ಬಾನೆಟ್ ಒಳಗೆ ಹೊಸ ಸ್ಟಿಕರ್ ಅಂಟಿಸಿ. ಗ್ಯಾಸ್ ಹೆಸರು, ಗ್ರಾಂ, ಆಯಿಲ್ ಯಾವುದು, ತಾರೀಖು. ಥ್ರೆಡ್ ಬಾಯಿಗಳ ಮೇಲೆ ಆರ್-134ಎ ಅಡಾಪ್ಟರ್ ಕಾಯಂ ಆಗಿ ಕೂರಿಸಿ. ವಾರ ಕಳೆದ ಮೇಲೆ ಬಿಚ್ಚಿ ಜೋಡಿಸಿದ ಜಾಯಿಂಟ್‌ಗಳಿಗೆಲ್ಲ ಇನ್ನೊಮ್ಮೆ ಸೋಪು ನೀರು ಹಚ್ಚಿ ನೋಡಿ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಕಂಪ್ರೆಸರ್ ಶಾಫ್ಟ್‌ನ ಸೀಲ್ ಒಣಗಿ, ತುಂಬಿದ ಗ್ಯಾಸ್ ಅಲ್ಲಿಂದಲೇ ಹೊರಡುತ್ತದೆ.